ಪೊರಕೆ ಅಕ್ಕ ತಡೆದಿಟ್ಟದ್ದು

ಕಿಟಕಿಯ ಕೆಳಗೊಂದು ಮೇಜು. ಅದರ ಮೇಲೆ ಯಾರೋ ಅವಸರದಲ್ಲಿ ಹೊದಿಸಿದ ಬಿಳಿಯ ಮೇಲುಹಾಸು. ಅದರ ಒಂದು ಅಂಚು ನೆಲಕ್ಕೆ ತಾಗಿದೆ, ಇನ್ನೊಂದು ಮೇಜಿನ ಮೂಲೆಯನ್ನೂ ಮುಟ್ಟದೆ ನಿಂತಿದೆ. ಬಟ್ಟೆಯ ಅಡಿಯಲ್ಲಿ ಅಂಗೈಯಗಲದ ಚಪ್ಪಟೆ ಉಬ್ಬುಗಳು ಸಾಲಾಗಿ, ಒಂದಕ್ಕೊಂದು ತಾಗದಂತೆ ಮಲಗಿವೆ. ಆಗೊಮ್ಮೆ ಈಗೊಮ್ಮೆ ಅವುಗಳಲ್ಲೊಂದು ಒಳಗಿನಿಂದ ಬೆಳಗುತ್ತದೆ, ನೇಯ್ಗೆಯ ಎಳೆ ಎಳೆ ಕಾಣಿಸುತ್ತದೆ, ಮತ್ತೆ ಆರುತ್ತದೆ. ಪಕ್ಕದ ಕುರ್ಚಿಯ ಬೆನ್ನಿಗೆ ತೂಗುಹಾಕಿದ ಬೂದು ಸ್ವೆಟರಿನ ತೋಳುಗಳು ಇನ್ನೂ ಮೊಣಕೈಯ ಬಾಗನ್ನು ಬಿಟ್ಟುಕೊಟ್ಟಿಲ್ಲ.

ಲಿಫ್ಟ್ ಮೆಕ್ಯಾನಿಕ್ ಆ ಬಟ್ಟೆಯ ಅಂಚನ್ನು ಎರಡು ಬೆರಳಲ್ಲಿ ಎತ್ತಿ ಇಣುಕುತ್ತಿದ್ದಾಗ ಬೆನ್ನ ಹಿಂದೆ ಯಾರೋ ಕೆಮ್ಮಿದರು.

"ಅಕ್ಕ ಅಲ್ಲಿಲ್ಲ," ಎಂದಳು ಬಾಗಿಲಲ್ಲಿ ನಿಂತ ಹೆಂಗಸು. "ಹಾಲ್‌ನಲ್ಲಿ ಮಲಗಿಸಿದ್ದೀವಿ. ಬನ್ನಿ."

ಅವನು ಬಟ್ಟೆಯನ್ನು ಬಿಟ್ಟ. ಬೆಳಿಗ್ಗೆ ಅವನ ಕರೆಯನ್ನು ತೆಗೆದುಕೊಂಡದ್ದು ಇದೇ ದನಿ. ಅವನು ಬಾಯಿ ತೆರೆಯುವ ಮೊದಲೇ "ಮನೆ ವಿಳಾಸ ಬರ್ಕೊಳ್ಳಿ" ಎಂದು ಹೇಳಿ ಇಟ್ಟುಬಿಟ್ಟಿತ್ತು. ರಾತ್ರಿ ಆಸ್ಪತ್ರೆಯಲ್ಲಿ ಅಕ್ಕನ ಉಸಿರು ನಿಂತಾಗಿನಿಂದ ತಂಗಿ ಎಲ್ಲ ಕರೆಗಳಿಗೂ ಅಷ್ಟನ್ನೇ ಹೇಳುತ್ತಿದ್ದಳು. ಸುದ್ದಿ ತಿಳಿಯದವರು ಯಾರಾದರೂ ಕರೆದಾರು ಎಂಬುದು ಅವಳಿಗೆ ಹೊಳೆದೇ ಇರಲಿಲ್ಲ. ಮೆಕ್ಯಾನಿಕ್‌ಗೆ ಸಂಗತಿ ತಿಳಿದದ್ದು ನಾಲ್ಕನೇ ಮಹಡಿಯಲ್ಲಿ ಚಪ್ಪಲಿಗಳ ರಾಶಿಯನ್ನು ಕಂಡಮೇಲೆ. ಆಗ ಹಿಂದಿರುಗಲು ಮನಸ್ಸಾಗಲಿಲ್ಲ, ಮುಂದೆ ಹೋಗಲು ಧೈರ್ಯವಾಗಲಿಲ್ಲ. ಕಂಡ ಮೊದಲ ಕೋಣೆಯೊಳಗೆ ನುಸುಳಿದ್ದ.

ಹಾಲ್‌ನಲ್ಲಿ ಪ್ಲಾಸ್ಟಿಕ್ ಕುರ್ಚಿಗಳು ಗೋಡೆಗುಂಟ ಸಾಲಾಗಿದ್ದವು. ನಡುವೆ ಅವಳು ಮಲಗಿದ್ದಳು, ಕನ್ನಡಕವಿಲ್ಲದೆ. ಕನ್ನಡಕವಿಲ್ಲದ ಅವಳ ಮುಖವನ್ನು ಅವನು ನೋಡಿರಲಿಲ್ಲ. ಕ್ಷಣಕಾಲ ಬೇರೆ ಯಾರದೋ ಮನೆಗೆ ಬಂದೆನೇನೋ ಎನ್ನಿಸಿತು. ಖಾಲಿ ಕುರ್ಚಿಯ ತುದಿಯಲ್ಲಿ ಕುಳಿತ. ಜೇಬಿನಲ್ಲಿದ್ದ ಹೊಸ ಫೋನು ತೊಡೆಗೆ ಒತ್ತುತ್ತಿತ್ತು. ಬೆಳಗು ಕಳೆದು ಎಷ್ಟು ಹೊತ್ತಾಯಿತು. ತನ್ನ ಅಣ್ಣ ಅಲ್ಲಿ ಫೋನನ್ನು ಎಷ್ಟು ಸಲ ತೆಗೆದು ನೋಡಿರಬಹುದು.

"ನೀವು ಅವಳ ಆಫೀಸಿನವರಾ?" ಎಂದು ಕೇಳಿದ ಅವಳ ಗಂಡ. ಜೀವಮಾನವಿಡೀ ಬಸ್ಸು ಓಡಿಸಿದ ಮನುಷ್ಯ. ಕುಳಿತಲ್ಲೂ ಅವನ ಬಲಗಾಲು ನೆಲವನ್ನು ಮೆಲ್ಲಗೆ ಒತ್ತಿ ಬಿಡುತ್ತಿತ್ತು.

"ಅಲ್ಲ. ನಂದೊಂದು ಆ್ಯಪ್ ಇತ್ತು. ಮೇಡಂ ಅದನ್ನ ತೆಗೆಯಬೇಕಾಗಿತ್ತು. ತೆಗೀಲಿಲ್ಲ."

"ಹಂಗಾದ್ರೆ ನೀವು ಪುಣ್ಯವಂತರು," ಎಂದಳು ತಂಗಿ. "ನಮ್ಮಕ್ಕ ಎಷ್ಟು ತೆಗೆದು ಎಸೆದಿದ್ದಾಳೋ. ಆಫೀಸಲ್ಲಿ ಅವಳಿಗೆ ಪೊರಕೆ ಅಕ್ಕ ಅಂತಾನೇ ಹೆಸರು."

ಫೋನಿನೊಳಗಿನ ಆ ದೊಡ್ಡ ಸಂತೆಯಲ್ಲಿ ಲಕ್ಷಾಂತರ ಆ್ಯಪ್‌ಗಳು. ಮಾಡಿದವರು ಮರೆತಂಥವು, ಬಳಸುವವರು ಬಿಟ್ಟಂಥವು, ಹೊಸ ಫೋನುಗಳಲ್ಲಿ ಕಣ್ಣುಬಿಡದೆ ಸಾಯುವಂಥವು. ಅವನ್ನು ಹುಡುಕಿ, ಮಾಡಿದವರಿಗೊಂದು ಎಚ್ಚರಿಕೆ ಕಳಿಸಿ, ಉತ್ತರ ಬಾರದಿದ್ದರೆ ತೆಗೆದುಹಾಕುವುದು ಅವಳ ಉದ್ಯೋಗ. ಮನೆಯಲ್ಲಿ ಕುಳಿತೇ ಮಾಡುತ್ತಿದ್ದಳು.

"ಸುಮ್ನೆ ಎಸೆಯೋಳಲ್ಲ," ಎಂದ ಗಂಡ. "ಅದು ಯಾವ ಕೆಲಸಕ್ಕೆ ಅಂತ ಹುಟ್ಟಿದ್ಯೋ ಆ ಕೆಲಸ ಒಂದು ಸಲ ಮಾಡಿಸಿನೇ ಬಿಡೋಳು. ನಾಯಿ ತೂಕದ ಲೆಕ್ಕದ್ದು ಬಂದಾಗ ಪಕ್ಕದ ಮನೆ ನಾಯೀನ ಹೊತ್ಕೊಂಡು ಬಂದ್ಲು. ಅದು ಇವಳ ಸೆರಗು ಹರೀತು."

"ಗೊರಕೆ ಅಳೆಯೋದು ಬಂದಾಗ ಭಾವನ ದಿಂಬಿನ ಕೆಳಗಿಟ್ಟಿದ್ಲು."

"ಬೆಳಿಗ್ಗೆ ಎದ್ದು ಹೇಳ್ತಾಳೆ, ಆ್ಯಪ್ ಕೆಟ್ಟುಹೋಗಿದೆ, ನಿಮ್ಮದು ಚೆನ್ನಾಗಿದೆ, ಅಂತ."

ಗೋಡೆಗುಂಟ ಕುಳಿತವರು ನಕ್ಕರು. ನಗು ಮಧ್ಯದಲ್ಲಿ ಮಲಗಿದ್ದವಳವರೆಗೆ ಬಂದು, ಗುರುತು ಹಿಡಿದು, ನಿಂತುಹೋಯಿತು.

*

ಮೊದಲ ಸಲ ಅವಳು ಅವನಿಗೆ ಫೋನು ಮಾಡಿದಾಗ ದನಿಯಲ್ಲಿ ಪೊರಕೆಯೇ ಇತ್ತು.

"ಒತ್ತಿದ್ರೆ ಆಕಡೆಯವರ ಫೋನಲ್ಲಿ ಒಂದು ಚುಕ್ಕೆ ಹೊಳೆಯುತ್ತೆ. ಇಷ್ಟೇನಾ?"

"ಹೌದು ಮೇಡಂ."

"ಆಮೇಲೆ?"

"ಆಮೇಲೆ ಏನಿಲ್ಲ. ಹೊಳೀತು ಅಂದ್ರೆ ಆಯ್ತು."

"ಇಂಥದ್ದನ್ನ ನಾವು ಕೆಲಸಕ್ಕೆ ಬಾರದ್ದು ಅಂತೀವಿ."

"ನೋಡದೇನೇ ಹಾಗಂದ್ಬಿಟ್ರೆ ಹೇಗೆ ಮೇಡಂ?"

ನೋಡಲು ಬಂದೇಬಿಟ್ಟಳು, ಕೈಚೀಲದಲ್ಲಿ ಎರಡು ಹಳೆಯ ಫೋನುಗಳನ್ನು ಹಾಕಿಕೊಂಡು. ಅವನು ಕೆಲಸ ಮಾಡುತ್ತಿದ್ದದ್ದು ಒಂದು ಎತ್ತರದ ಕಟ್ಟಡದಲ್ಲಿ. ಲಿಫ್ಟು ಓಡಾಡುವ ಬಾವಿಯ ತಳಕ್ಕೆ ಒಬ್ಬ ಇಳಿದರೆ ಮೇಲಿದ್ದವನಿಗೆ ಅವನ ಕೂಗು ಕೇಳಿಸದು. ಲಿಫ್ಟನ್ನು ನಿಲ್ಲಿಸುವ ಸ್ವಿಚ್ಚು ಇದ್ದೇ ಇರುತ್ತದೆ. ಆದರೂ ಕೆಳಗಿದ್ದವನು ನೆಟ್ಟಗಿದ್ದಾನೆಯೇ ಎಂಬುದನ್ನು ಸ್ವಿಚ್ಚು ಹೇಳುವುದಿಲ್ಲ. ಅದಕ್ಕೆಂದೇ ಅಣ್ಣ ತಮ್ಮ ಇಬ್ಬರೂ ಒಬ್ಬ ವಿದ್ಯಾರ್ಥಿಯಿಂದ ಈ ಆ್ಯಪ್ ಮಾಡಿಸಿದ್ದರು. ಆ ವಿದ್ಯಾರ್ಥಿ ಈಗ ಎಲ್ಲಿದ್ದಾನೋ. ರಿಪೇರಿ ಮಾಡಲು ಅದರ ಒಳಗನ್ನು ಬಲ್ಲವರು ಬೇರೆ ಯಾರೂ ಇರಲಿಲ್ಲ.

ಅವನು ತಳಕ್ಕಿಳಿದು ಒತ್ತಿದ. ಮೇಲಿನ ಬಾಗಿಲ ಬಳಿ ನಿಂತವಳ ಕೈಯಲ್ಲಿ ಚುಕ್ಕೆ ಹೊಳೆಯಿತು. ಅದೇ ಹೊತ್ತಿಗೆ ಎರಡೂ ಕೈಗಳಲ್ಲಿ ಚೀಲ ಹಿಡಿದ ದೊಡ್ಡ ಮನುಷ್ಯನೊಬ್ಬ ಬಂದು, ಮೊಣಕೈಯಿಂದ ಲಿಫ್ಟಿನ ಗುಂಡಿ ಒತ್ತಲು ಹೋದ. ಅವಳು ಅಡ್ಡ ನಿಂತಳು.

"ಮುಟ್ಟಿದ್ರೆ ನೋಡಿ!"

"ಯಾರ್ರೀ ನೀವು?"

"ಯಾರಾದ್ರೂ ಆಗಿರ್ತೀನಿ. ಕೆಳಗೆ ಮನುಷ್ಯ ಇದ್ದಾನೆ. ಮೆಟ್ಟಿಲಿದೆಯಲ್ಲ, ಹತ್ತಿ. ಹೊಟ್ಟೆ ಕರಗುತ್ತೆ."

ಯಾರ ಕೂಗೂ ಮುಟ್ಟದ ಆ ತಳಕ್ಕೆ ಅವಳ ಕೂಗು ಮುಟ್ಟಿತ್ತು. ಅವನು ಮೇಲೆ ಬಂದಾಗ ಅವಳು ಇನ್ನೂ ಗುಂಡಿಗೆ ಅಡ್ಡವಾಗಿಯೇ ನಿಂತಿದ್ದಳು.

"ನಿಮ್ಮಣ್ಣ ಎಲ್ಲಿ?"

"ಅಂಗಡಿ ಬೇರೆಯಾಯ್ತು ಮೇಡಂ. ಈಗ ಮಾತಿಲ್ಲ." ಯಾವ ಮಾತಿಗೆ ಅಂಗಡಿ ಒಡೆಯಿತೆಂಬುದನ್ನು ಅಣ್ಣ ಒಂದು ರೀತಿ ಹೇಳುತ್ತಿದ್ದ, ತಮ್ಮ ಇನ್ನೊಂದು ರೀತಿ.

"ಮತ್ತೆ ಇದನ್ನ ಯಾರಿಗೆ ಒತ್ತುತ್ತೀರಿ?"

"ಅವನಿಗೇ. ಬೆಳಿಗ್ಗೆ ಎದ್ದ ಕೂಡಲೇ. ಅವನೂ ಒತ್ತುತ್ತಾನೆ. ಅಷ್ಟೆ."

ಅವಳು ಕನ್ನಡಕವನ್ನು ಮೂಗಿನ ಮೇಲಕ್ಕೆ ಸರಿಸಿಕೊಂಡಳು. "ತೆಗೆಯೋದನ್ನ ಮೂರು ತಿಂಗಳು ತಡೀತೀನಿ. ಅಷ್ಟರಲ್ಲಿ ರಿಪೇರಿ ಮಾಡೋರನ್ನ ಹುಡುಕಿ, ಇಲ್ಲ ಅಣ್ಣನ ಮನೆಗೆ ಹೋಗಿ. ಎರಡರಲ್ಲಿ ಯಾವುದು ಸುಲಭವೋ ನೋಡಿ."

ಅವನಿಗೆ ಎರಡೂ ಸುಲಭವಾಗಲಿಲ್ಲ. ಗಡುವು ಮುಗಿಯುವಾಗಲೆಲ್ಲ ಅವಳ ಫೋನು ಬರುತ್ತಿತ್ತು: "ಯಾವುದಾಯ್ತು?" "ಎರಡೂ ಇಲ್ಲ ಮೇಡಂ." ಆಕಡೆ ಒಂದು ನಿಟ್ಟುಸಿರು, ಮತ್ತೆ ಮೂರು ತಿಂಗಳು.

*

ಆಫೀಸಿನ ಮ್ಯಾನೇಜರ್ ಬಂದ. ಅವಳಿಗಿಂತ ವಯಸ್ಸಿನಲ್ಲಿ ಬಹಳ ಚಿಕ್ಕವನು. ಒಂದು ಕೈಯಲ್ಲಿ ಹೂವಿನ ಹಾರ. ಇನ್ನೊಂದು ಕೈಯಲ್ಲಿ ಮಡಚಿದ ಖಾಲಿ ರಟ್ಟಿನ ಪೆಟ್ಟಿಗೆ, ಅದನ್ನು ಬೆನ್ನ ಹಿಂದೆ ಮರೆಮಾಡಲು ಹೆಣಗುತ್ತಿದ್ದ. ಹಾರ ಹಾಕಿ ಕೈಮುಗಿದ ಮೇಲೆ ಆ ಪೆಟ್ಟಿಗೆಯನ್ನು ಏನು ಮಾಡುವುದೆಂದು ತೋಚದೆ ನಿಂತ.

"ಏನದು?" ಎಂದು ಕೇಳಿದಳು ತಂಗಿ.

"ಆಫೀಸಿನ ಫೋನುಗಳು ಇಲ್ಲಿವೆಯಲ್ಲ, ಪರೀಕ್ಷೆ ಮಾಡೋ ಫೋನುಗಳು... ಇವತ್ತೇ ಅಂತೇನಿಲ್ಲ. ತಗೊಂಡು ಬಾ ಅಂದ್ರು."

ಮೆಕ್ಯಾನಿಕ್ ಎದ್ದು ನಿಂತ. ಎದ್ದಮೇಲೆ ಕೂರಲಾಗಲಿಲ್ಲ. "ಸಾರ್, ಮೇಡಂ ತಡೆದಿಟ್ಟಿದ್ರಲ್ಲ, ಅವು ಏನಾದ್ವು? ನನ್ನ ಹಳೇ ಫೋನು ನಿನ್ನೆ ಕೈಜಾರಿ ಲಿಫ್ಟಿನ ಬಾವಿಗೆ ಬಿತ್ತು. ಹೊಸದು ತಗೊಂಡು ಬೆಳಿಗ್ಗೆಯಿಂದ ಹುಡುಕ್ತಿದ್ದೀನಿ, ನನ್ನ ಆ್ಯಪೇ ಸಿಕ್ತಿಲ್ಲ."

ಮ್ಯಾನೇಜರಿನ ಮುಖ ಬಿಳಿಚಿತು. "ಬೆಳಿಗ್ಗೆ ನಾನೇ ಅವರ ಖಾತೆ ಮುಚ್ಚಿದೆ. ಒಬ್ಬರು ಇಲ್ಲ ಅಂತಾದ್ರೆ ಮೊದಲು ಮಾಡಬೇಕಾದ್ದು ಅದೇ. ಅದನ್ನ ಮುಚ್ಚಿದ್ರೆ ಅವರು ತಡೆದದ್ದೆಲ್ಲ ತಾನಾಗೇ ಹೋಗಿಬಿಡುತ್ತೆ ಅಂತ ಆಮೇಲೆ ಹೊಳೀತು." ಮಲಗಿದ್ದವಳ ಕಡೆ ನೋಡಿ ದನಿ ತಗ್ಗಿಸಿದ. "ಅವರು ಇಷ್ಟೊಂದನ್ನ ತಡೆದಿಟ್ಟಿದ್ರು ಅಂತ ನಮಗೆ ಗೊತ್ತೇ ಇರಲಿಲ್ಲ."

"ಅಂದ್ರೆ," ಎಂದ ಗಂಡ, ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ನೋಡುತ್ತ, "ನೀವಿಬ್ರೂ ಅಳೋಕೆ ಬಂದೋರಲ್ಲ."

ಇಬ್ಬರೂ ತಲೆ ತಗ್ಗಿಸಿದರು.

"ಇರ್ಲಿ ಬಿಡಿ. ಅಳೋರು ಬೇಕಾದಷ್ಟು ಜನ ಇದ್ದಾರೆ. ಅವಳ ಕೆಲಸದ ವಿಷಯ ಮಾತಾಡೋರು ಯಾರೂ ಇರಲಿಲ್ಲ."

ಮೂವರೂ ಕೋಣೆಗೆ ಬಂದರು. ತಂಗಿ ಹಿಂದಿನಿಂದ ಬಂದಳು. ಗಂಡನೇ ಮೇಲುಹಾಸನ್ನು ಎಳೆದು ಮಡಚಿದ. ಮ್ಯಾನೇಜರ್ ತನ್ನ ಲ್ಯಾಪ್‌ಟಾಪ್ ತೆರೆದು, ನಿಂತುಕೊಂಡೇ ಹುಡುಕಿದ. ಅವಳ ಕುರ್ಚಿಯಲ್ಲಿ ಕೂರಲು ಅವನಿಗೆ ಮನಸ್ಸು ಬರಲಿಲ್ಲ. ತೆಗೆದುಹಾಕಿದ ಆ್ಯಪ್‌ಗಳ ನಡುವೆ ಚುಕ್ಕೆಯದು ಸಿಕ್ಕಿತು. ಸಾಲಿನ ಹೊಸ ಫೋನಿಗೆ ಹಾಕಿ ತೆರೆದ. ಚುಕ್ಕೆ ಮೂಡಿತು, ಮೂಡಿದ ಮರುಕ್ಷಣವೇ ಪರದೆ ಖಾಲಿ. ಮತ್ತೆ ತೆರೆದ. ಮತ್ತೆ ಖಾಲಿ.

"ಹೊಸದರಲ್ಲಿ ನಿಲ್ಲಲ್ಲ," ಎಂದ. "ತಿರುಗಿ ಸಂತೆಗೆ ಹಾಕಿದ್ರೂ ನಿಮ್ಮ ಹೊಸ ಫೋನಿಗೆ ಪ್ರಯೋಜನ ಇಲ್ಲ."

"ಮೇಡಂಗೆ ಇದು ಗೊತ್ತಿತ್ತಾ?"

"ಗೊತ್ತಿಲ್ಲದೆ ಏನು? ಅವರು ಹತ್ತು ಸಲ ತೆರೆದು ನೋಡೋರು."

"ಗೊತ್ತಿತ್ತು," ಎಂದಳು ತಂಗಿ. "ನೀವೇನಾ ಅದು? ಅಣ್ಣನ ಜೊತೆ ಮಾತು ಬಿಟ್ಟೋರು? ಪ್ರತಿಸಲ ಗೊಣಗೋಳು, ಆ ಮಹಾರಾಯ ಇನ್ನೂ ಹೋಗಿಲ್ಲ ಕಣೇ, ಆಫೀಸಿಗೆ ಎಷ್ಟು ಸಲ ಸುಳ್ಳು ಬರೀಲಿ ನಾನು, ಅಂತ."

ಮೆಕ್ಯಾನಿಕ್‌ನ ಕಿವಿ ಕೆಂಪಾಯಿತು. ಕಿಟಕಿಯ ಬಳಿ ಹೋದ, ತಿರುಗಿ ಬಂದ. "ಇವತ್ತು ಚುಕ್ಕೆ ಹೋಗಿಲ್ಲಮ್ಮ. ಒಂದು ದಿನವೂ ತಪ್ಪಿಸಿರಲಿಲ್ಲ. ಅವನು ಏನಂದ್ಕೊಂಡಿರ್ತಾನೆ?"

"ಫೋನ್ ಮಾಡ್ಬಾರ್ದಾ?" ಎಂದ ಮ್ಯಾನೇಜರ್.

"ಮಾಡಿ ಏನನ್ಲಿ? ಮೊದಲನೇ ಮಾತು ಯಾವುದು, ಹೇಳಿ ನೋಡೋಣ."

ಗಂಡ ಸಾಲಿನ ಕೊನೆಯಿಂದ ಅಂಚು ಸವೆದ ಒಂದು ಫೋನನ್ನು ಎತ್ತಿ ಚಾಚಿದ. "ಇದು ಹಳೇದು. ಇದರಲ್ಲಿ ನಿಲ್ಲುತ್ತಾ ನೋಡಿ."

ಮ್ಯಾನೇಜರ್ ಹಾಕಿ ತೆರೆದ. ನಿಂತಿತು. ಆದರೆ ಅದು ಆಫೀಸಿನ ಸ್ವತ್ತು, ಹೊರಗಿನವರಿಗೆ ಕೊಡುವಂತಿಲ್ಲ. ಅವನು ಅದನ್ನು ಕೈಯಲ್ಲಿ ಹಿಡಿದು, ಕೊಡಲೂ ಆಗದೆ ಪೆಟ್ಟಿಗೆಗೆ ಹಾಕಲೂ ಆಗದೆ ನಿಂತಿರುವಾಗ ಕೆಳಗಿನಿಂದ ಹಾರ್ನ್ ಕೇಳಿಸಿತು. ಶವವಾಹನ ಬಂದಿತ್ತು.

ಸ್ಟ್ರೆಚರು ಲಿಫ್ಟಿನೊಳಗೆ ಹಿಡಿಸುವಂತಿರಲಿಲ್ಲ.

"ಸ್ವಲ್ಪ ಎತ್ತಿ, ನಿಲ್ಲಿಸಿದ ಹಾಗೆ ಮಾಡಿದ್ರೆ ಹೋಗುತ್ತೆ," ಎಂದ ವಾಹನದವನು. "ಎಲ್ಲ ಕಡೆ ಹಾಗೇ ಮಾಡೋದು."

"ನಿಲ್ಲಿಸೋದು ಬೇಡ," ಎಂದ ಮೆಕ್ಯಾನಿಕ್. "ಮಲಗಿದ ಹಾಗೇ ಹೋಗ್ಲಿ. ಮೆಟ್ಟಿಲಲ್ಲಿ ಇಳಿಸೋಣ. ನಾನು ಮುಂದೆ ಹಿಡೀತೀನಿ."

ಅವನು ಬಗ್ಗಿ ಹಿಡಿಕೆಗೆ ಕೈಹಾಕುವಷ್ಟರಲ್ಲಿ ಜೇಬಿನ ಫೋನು ಬಡಿದುಕೊಂಡಿತು. ಹೆಂಡತಿ.

"ಎಲ್ಲಿದ್ದೀರಿ ನೀವು? ಇಲ್ಲಿ ನಿಮ್ಮಣ್ಣ ಬಂದಿದ್ದಾರೆ."

ಅವನು ಗೋಡೆಗೆ ಒರಗಿದ. "ಏನಂದ?"

"ಏನೂ ಅನ್ನಲಿಲ್ಲ. ಬಂದೋರೇ ಬಾಗಿಲಲ್ಲಿ ನಿಂತು ನಿಮ್ಮ ಚಪ್ಪಲಿ ಇದೆಯಾ ಅಂತ ನೋಡಿದ್ರು. ಕೆಲಸಕ್ಕೆ ಹೋಗಿದ್ದಾರೆ ಅಂದೆ. ಎಲ್ಲಿ ಕೆಲಸ, ಯಾವ ಕಟ್ಟಡ ಅಂತ ಕೇಳ್ತಿದ್ದಾರೆ. ಶರಟಿನ ಗುಂಡಿ ತಪ್ಪು ತಪ್ಪಾಗಿ ಹಾಕ್ಕೊಂಡಿದ್ದಾರೆ ರೀ. ಒಳಗೆ ಬನ್ನಿ ಭಾವ ಅಂದ್ರೂ ಬರ್ತಿಲ್ಲ. ಏನು ಹೇಳ್ಲಿ?"

ಹಿಡಿಕೆ ಹಿಡಿದವರೆಲ್ಲ ಅವನಿಗಾಗಿ ಕಾಯುತ್ತಿದ್ದರು.

"ಕೂರಿಸು," ಎಂದ. "ಒಬ್ಬರನ್ನ ಕೆಳಗಿಳಿಸಿ ಬರ್ತೀನಿ, ಎಲ್ಲೂ ಹೋಗ್ಬೇಡ ಅಂತ ಹೇಳು. ನಾನೇ ಹೇಳ್ದೆ ಅಂತ ಹೇಳು."

ಮೆಟ್ಟಿಲು ಕಿರಿದಾಗಿತ್ತು. ಮುಂದೆ ಮೆಕ್ಯಾನಿಕ್ ಮತ್ತು ವಾಹನದವನು, ಹಿಂದೆ ಗಂಡ ಮತ್ತು ಮ್ಯಾನೇಜರ್. ಮೂರನೆಯ ಮಹಡಿಯ ತಿರುವಿನಲ್ಲಿ ಮ್ಯಾನೇಜರ್ ಏದುಸಿರಿನಲ್ಲೇ ಕರೆದ.

"ಆ ಹಳೇ ಫೋನ್ ತಗೊಂಡು ಹೋಗಿ. ಹೇಗೋ ಹೊಂದಿಸ್ತೀನಿ."

"ಎಡಕ್ಕೆ ಸಾರ್."

"ನನ್ನ ಹೆಸರಲ್ಲೇ ಮತ್ತೆ ಮೂರು ತಿಂಗಳು..."

"ಎಡಕ್ಕೆ, ಎಡಕ್ಕೆ. ಅವರ ತಲೆ ನೋಡ್ಕೊಳ್ಳಿ."

ಮ್ಯಾನೇಜರ್ ಮತ್ತೆ ಆ ಮಾತೆತ್ತಲಿಲ್ಲ. ಪ್ರತಿ ಮಹಡಿಯಲ್ಲೂ ಬಾಗಿಲುಗಳು ಅರೆ ತೆರೆದು, ಜನ ಹೊಸ್ತಿಲಲ್ಲಿ ನಿಂತು, ಅವಳು ದಾಟುವವರೆಗೆ ಕಾದರು. ಮೆಕ್ಯಾನಿಕ್ ಬೆನ್ನು ಹಿಂದಾಗಿ, ಒಂದೊಂದೇ ಮೆಟ್ಟಿಲನ್ನು ಅಂಗಾಲಿನಿಂದ ತಡವಿ ಇಳಿಯುತ್ತಿದ್ದ. ಅವನ ಅಂಗಿಯ ಬೆನ್ನು ಪೂರ್ತಿ ಒದ್ದೆಯಾಗಿತ್ತು.

ಕೆಳಗೆ ಬಿಸಿಲು. ಸ್ಟ್ರೆಚರು ವಾಹನದ ಹಳಿಯ ಮೇಲೆ ಜಾರಿ ಒಳಗೆ ಹೋಯಿತು. ಗಂಡ ಹತ್ತಿ ಅವಳ ಪಕ್ಕ ಕುಳಿತ, ಜೀವನದಲ್ಲಿ ಮೊದಲ ಸಲ ಹಿಂದಿನ ಸೀಟಿನಲ್ಲಿ. ವಾಹನದವನು ಹಿಂಬಾಗಿಲನ್ನು ಎಳೆದ, ಅದು ಕೂರಲಿಲ್ಲ. ಮತ್ತೆ ಎಳೆದ; ಸಣ್ಣ ಸಂದು ಉಳಿಯಿತು. ಮೆಕ್ಯಾನಿಕ್ ಅವನನ್ನು ಪಕ್ಕಕ್ಕೆ ಸರಿಸಿ, ಬಾಗಿಲನ್ನು ಕೊಂಚ ಮೇಲಕ್ಕೆತ್ತಿ, ಭುಜವನ್ನು ಕೊಟ್ಟು, ಸದ್ದಾಗದಂತೆ ಮುಚ್ಚಿದ.