ಇನ್ನೊಂದು ಕೋರ್‌ಗೆ ಕಟ್ಟಿದ ಇಂಟರಪ್ಟ್

ಮಧ್ಯಾಹ್ನ ಮೂರಕ್ಕೆ ಬಂದ ಬಿರುಗಾಳಿಯ ಮುನ್ನೆಚ್ಚರಿಕೆಯನ್ನು ಶಾಝಿಯಾ ಮಣಿಪಾಲದ ಕಚೇರಿಯಿಂದ ಕಡಲಲ್ಲಿದ್ದ ಹನ್ನೆರಡು ದೋಣಿಗಳ ನೆಟ್‌ವರ್ಕ್ ಪೆಟ್ಟಿಗೆಗಳಿಗೆ ಕಳಿಸಿದಳು. ಹನ್ನೊಂದು ಉತ್ತರಿಸಿದವು. ಉಚ್ಚಿಲದಿಂದ ಹೊರಟಿದ್ದ ಅವಳ ತಮ್ಮ ಅರ್ಶದ್‌ನ ದೋಣಿಯದ್ದು ಉತ್ತರಿಸಲಿಲ್ಲ. ಪಕ್ಕದ ದೋಣಿಯವರು ವೈರ್‌ಲೆಸ್‌ನಲ್ಲಿ ಕರೆದರೂ ಅವನು ಸಿಗಲಿಲ್ಲ.

ಪೆಟ್ಟಿಗೆಯನ್ನು ನಡೆಸುವ ತಂತ್ರಾಂಶವಾದ ಡ್ರೈವರ್ ಬರೆದವಳು ಅವಳೇ. ಅದು ಒಮ್ಮೆಗೆ ಒಂದೇ ಕೆಲಸಕ್ಕೆ ಸಿಗುವ ಲಾಕ್ ಹಿಡಿದು ಸಂದೇಶ ಕಳಿಸುತ್ತಿರುವಾಗ ಹೊಸ ಸಂದೇಶ ಬಂದರೆ, ಇಂಟರಪ್ಟ್ ಎಂಬ ತುರ್ತು ಕರೆ ಆ ಕೆಲಸವನ್ನು ಅಲ್ಲೇ ತಡೆದು ಅದೇ ಲಾಕ್‌ಗಾಗಿ ಕಾಯುತ್ತದೆ. ತಡೆಯಲ್ಪಟ್ಟ ಕೆಲಸ ಲಾಕ್ ಬಿಡಲಾರದು. ಪೆಟ್ಟಿಗೆ ಮರಗಟ್ಟುತ್ತದೆ. ಕಾರಣ ಹುಡುಕಲು ದೋಣಿಯಲ್ಲಿರುವಂತೆಯೇ ಅವಳು ಹೊಂದಿಸಿದ್ದ ಮೇಜಿನ ಮೇಲಿನ ಪೆಟ್ಟಿಗೆಯೂ ಈಗ ಹಾಗೆಯೇ ಮರಗಟ್ಟಿತ್ತು.

“ಮೂರು ವಾರ ಪರೀಕ್ಷೆ ಮಾಡಿದ್ದೀರಿ, ಅಲ್ವಾ?” ಎಂದರು ಮೇಲಧಿಕಾರಿ ಸರ್ವೋತ್ತಮ.

“ಪರೀಕ್ಷೆಯಲ್ಲಿ ವೇಗಕ್ಕೆಂದು ಇಂಟರಪ್ಟನ್ನು ಪ್ರೊಸೆಸರ್‌ನ ಇನ್ನೊಂದು ಕೋರ್‌ಗೆ, ಬೇರೆಯಾಗಿ ಕೆಲಸ ಮಾಡುವ ಭಾಗಕ್ಕೆ, ಕಟ್ಟಿದ್ದೆ ಸರ್. ಹಾಗಾಗಿ ಸಂದೇಶ ಕಳಿಸುವ ಕೆಲಸ, ಇಂಟರಪ್ಟ್ ಎರಡೂ ಒಂದೇ ಕಡೆ ಸಿಕ್ಕಿಬೀಳಲೇ ಇಲ್ಲ. ದೋಣಿಯ ಪೆಟ್ಟಿಗೆಗಳಲ್ಲಿ ಹಾಗೆ ಕಟ್ಟಿಲ್ಲ.”

“ಈಗ ಎಂತ ದಾರಿ ಉಂಟು?”

“ಅರ್ಶದ್ ಪೆಟ್ಟಿಗೆಯನ್ನು ಒಮ್ಮೆ ಆಫ್ ಮಾಡಿ ಆನ್ ಮಾಡಿದರೆ ಎಚ್ಚರಿಕೆ ತಲುಪುತ್ತದೆ.”

“ಮಾಡಿಯಾನು ಮಾರಾಯ್ತಿ. ಅವನಿಗೂ ತಲೆ ಉಂಟು.”

ಶಾಝಿಯಾ ಮತ್ತೊಮ್ಮೆ ಎಚ್ಚರಿಕೆ ಕಳಿಸಿದಳು. ಉತ್ತರವಿಲ್ಲ.

“ಮಾಡುವುದಿಲ್ಲ ಸರ್. ಹಸಿರು ದೀಪ ಉರಿಯುತ್ತಿರುವಷ್ಟು ಹೊತ್ತು ಪೆಟ್ಟಿಗೆಯ ಸ್ವಿಚ್ ಮುಟ್ಟಬಾರದೆಂದು ನಾನೇ ಆಣೆ ಹಾಕಿಸಿದ್ದೇನೆ. ಪೆಟ್ಟಿಗೆ ಮರಗಟ್ಟಿದರೂ ದೀಪ ಆರುವುದಿಲ್ಲ, ಈಗಲೂ ಉರಿಯುತ್ತಿರುತ್ತದೆ.”