ಕುಂಕುಮದ ಡಬ್ಬಿಯ ಕೆಂಪು ಗೆರೆಗಳು

ಸ್ಕ್ಯಾನರಿನ ಕೆಂಪು ಬೆಳಕು ಡಬ್ಬಿಯ ಮೇಲೆ ಹಾದುಹೋಯಿತು. ಸದ್ದಿಲ್ಲ. ಇನ್ನೊಂದು ಡಬ್ಬಿ ಎತ್ತಿ ಹಿಡಿದೆ. ಯಂತ್ರ ಅದಕ್ಕೂ ತುಟಿಪಿಟಕ್ಕೆನ್ನಲಿಲ್ಲ. ಮೇಜಿನಾಚೆ ಹಣೆಯವರೆಗೂ ಸೆರಗು ಎಳೆದುಕೊಂಡು ನಿಂತಿದ್ದ, ಆ ಕುಂಕುಮ ಮಾಡಿ ತಂದಿದ್ದ ಕಾಶವ್ವ ನನ್ನ ಮುಖವನ್ನೇ ನೋಡುತ್ತಿದ್ದಳು.

ಆಗ ನಾನು ಊರಾಚೆಯ ಒಂದು ಗೋದಾಮಿನಲ್ಲಿ ಕೆಲಸಕ್ಕಿದ್ದೆ. ಹತ್ತಾರು ಊರುಗಳ ದೊಡ್ಡ ಅಂಗಡಿಗಳಿಗೆ ಅಲ್ಲಿಂದಲೇ ಸರಕು ಹೋಗುತ್ತಿತ್ತು. ಬಂದ ಮಾಲಿನ ಬಾರ್‌ಕೋಡನ್ನು ಯಂತ್ರಕ್ಕೆ ತೋರಿಸುವುದು ನನ್ನ ಪಾಲಿನ ಕೆಲಸ. 'ಕೀಂ' ಎಂದರೆ ಮಾಲು ಒಳಗೆ, ಇಲ್ಲದಿದ್ದರೆ ಬಂದ ಗಾಡಿಯಲ್ಲೇ ವಾಪಸು. ಮದುವೆಯಾಗದ ಒಂಟಿ ಹೆಂಗಸು ನಾನು. ದಿನವಿಡೀ ನನ್ನೊಡನೆ ಮಾತಾಡುತ್ತಿದ್ದದ್ದು ಆ ಯಂತ್ರವೊಂದೇ, ಅದೂ ಒಂದೇ ಮಾತು.

ಕಾಶವ್ವನ ಡಬ್ಬಿಗಳ ಬಾರ್‌ಕೋಡಿನ ಗೆರೆಗಳು ಕಣ್ಣಿಗೆ ಚೊಕ್ಕವಾಗಿಯೇ ಇದ್ದವು. ಡಬ್ಬಿ ತಿರುಗಿಸಿ ನೋಡಿದಾಗ ಹೊಳೆಯಿತು. ಬಿಳಿಯ ಮೇಲೆ ಕೆಂಪು ಗೆರೆ. ಯಂತ್ರದ ಬೆಳಕೂ ಕೆಂಪು. ಅದಕ್ಕೆ ಕೆಂಪು ಗೆರೆಯೂ ಒಂದೇ, ಬಿಳಿ ಕಾಗದವೂ ಒಂದೇ. ಎಲ್ಲರಂತೆ ಕಪ್ಪಿನಲ್ಲಿ ಏಕೆ ಅಚ್ಚು ಹಾಕಿಸಲಿಲ್ಲ ಎಂದು ಕೇಳಿದೆ.

"ಪ್ರೆಸ್ಸಿನವ ಕರೀದ ಹಾಕತೀನಿ ಅಂದ, ತಂಗೀ. ನಾನ ಬ್ಯಾಡ ಅಂದೆ. ಕುಂಕುಮದ ಡಬ್ಬಿ ಮ್ಯಾಲೆ ಯಾರರ ಕರಿ ಗೀಟು ಎಳೀತಾರೇನು?"

ನನಗೆ ನಗು ಬಂತು, ಆಕೆಗೆ ಬರಲಿಲ್ಲ. ಇಷ್ಟು ಚೆಂದದ ಕುಂಕುಮಕ್ಕೆ ದೊಡ್ಡ ಅಂಗಡಿಯ ಹಂಗೇಕೆ, ನಿಮ್ಮ ಓಣಿಯಲ್ಲೇ ಖರ್ಚಾಗುತ್ತದಲ್ಲ ಎಂದು ಸಮಾಧಾನಕ್ಕೆ ಅಂದೆ. ಆಕೆ ಸೆರಗು ಸರಿಸಿ ಬರಿ ಹಣೆ ತೋರಿಸಿದಳು.

"ನಮ್ಮನಿಯವರು ಹೋದ ಮ್ಯಾಲೆ ಓಣ್ಯಾಗ ನನ್ನ ಕೈಲೆ ಯಾರೂ ಕೊಂಡಿಲ್ಲ. ದೂರದ ಅಂಗಡ್ಯಾಗ ಇಟ್ರ, ಯಾರು ಮಾಡಿದ್ದು ಅಂತ ಯಾರಿಗೆ ತಿಳೀತದ?"

ಗಂಡನೊಡನೆ ಕೂತು ಕಲಿತ ಆ ಕಸುಬೊಂದೇ ಆಕೆಗೆ ಉಳಿದಿದ್ದದ್ದು. ಮಾಲು ವಾಪಸಾದರೆ ಅದೂ ಮುಗಿದಂತೆಯೇ. ಮ್ಯಾನೇಜರರನ್ನು ಕಾಡಿ ಬೇಡಿ ವಾರದ ಗಡುವು ಪಡೆದೆ. ಕಪ್ಪು ಬೇಡವಾದರೆ ಕಡು ಹಸಿರು ಗೆರೆಯ ಸ್ಟಿಕ್ಕರ್ ಮಾಡಿಸಿ ಅಂಟಿಸಿ, ಕೆಂಪು ಬೆಳಕಿಗೆ ಹಸಿರೂ ಕಪ್ಪಾಗಿಯೇ ಕಾಣುತ್ತದೆ ಎಂದು ವಿವರಿಸಿದೆ.

"ಹಸರು ನಡೀತದ. ಬಳಿ ಬಣ್ಣ," ಎಂದ ಕಾಶವ್ವ ತನ್ನ ಬಳೆಯಿಲ್ಲದ ಮುಂಗೈ ಸವರಿಕೊಂಡಳು.

ಹೇಳಿದಂತೆ ವಾರಕ್ಕೆ ಬಂದಳು. ಕೆಂಪು ಬೆಳಕು ಹಸಿರು ಗೆರೆಗಳ ಮೇಲೆ ಹಾಯ್ದದ್ದೇ ಯಂತ್ರ ಕೀಂ ಎಂದಿತು. ಕೊನೆಯ ಪೆಟ್ಟಿಗೆ ಒಳಗೆ ಹೋಗುವವರೆಗೂ ಆಕೆ ಕದಲಲಿಲ್ಲ. ಆಮೇಲೆ ಚೀಲದಿಂದ ಒಂದು ಡಬ್ಬಿ ತೆಗೆದಳು. ನನ್ನ ಕೈಗೆ ಕೊಡಲಿಲ್ಲ. ಮೇಜಿನ ಮೇಲಿಟ್ಟು ಹಿಂದೆ ಸರಿದಳು.

"ನೀವೇ ಹಚ್ಚಿ," ಎಂದೆ.

ಆಕೆ ಮುಚ್ಚಳ ತೆರೆದು ಚಿಟಿಕೆ ಕುಂಕುಮ ತೆಗೆದುಕೊಂಡಳು. ಕೈ ಮೇಜಿನ ನಡುವಿನವರೆಗೆ ಬಂದು ನಿಂತಿತು. ಚಿಟಿಕೆಯನ್ನು ಮತ್ತೆ ಡಬ್ಬಿಗೇ ಉದುರಿಸಿ, "ನೀನ ಹಚ್ಕೋ ತಂಗೀ, ನಾ ನೋಡತೀನಿ," ಎಂದಳು.

ಅಲ್ಲಿ ಕನ್ನಡಿ ಇರಲಿಲ್ಲ. ಅಂದಾಜಿನ ಮೇಲೆ ಇಟ್ಟುಕೊಂಡೆ. "ಒಂಚೂರು ಎಡಕ್ಕ," ಎಂದಳು. ಒರೆಸಿ ಮತ್ತೆ ಇಟ್ಟುಕೊಂಡೆ. "ಇನ್ನೊಂಚೂರು ಮ್ಯಾಲೆ." ಮೇಜಿನಾಚೆ ಕೈಕಟ್ಟಿ ನಿಂತುಕೊಂಡೇ ಆಕೆ ನನ್ನ ಹಣೆಯ ಬೊಟ್ಟನ್ನು ತಿದ್ದುತ್ತಾ ಹೋದಳು.