ಸ್ಪಂದನಳನ್ನು ನೋಡಲು ಹೋದದ್ದು

ಸೊರಬದ ಪೊಲೀಸ್ ಠಾಣೆಯ ಮುಂದೆ ಬೈಕು ನಿಲ್ಲುತ್ತಿದ್ದಂತೆ ನಾಗವೇಣಿ ಇಳಿದು ಸೆರಗು ಕೊಡವಿದಳು. ಗಾಳಿಗೆ ಕೆದರಿದ ಕೂದಲನ್ನು ಎರಡೂ ಕೈಯಿಂದ ಒತ್ತಿ ಕೂರಿಸಿದಳು. ತಂಗಿಯ ಮದುವೆಗೆಂದು ಕೊಂಡು, ಆಮೇಲೆ ಪೆಟ್ಟಿಗೆಯಿಂದ ಹೊರಗೇ ಬಾರದಿದ್ದ ಹಸಿರು ರೇಷ್ಮೆ ಸೀರೆ ಉಟ್ಟಿದ್ದಳು. ಠಾಣೆಗೆ ಹೋಗಲು ಇದ್ಯಾಕೆ ಎಂದು ಕೇಳುವ ಧೈರ್ಯ ಗಂಡ ಚಿಕ್ಕಬೀರಪ್ಪನಿಗೆ ಇರಲಿಲ್ಲ.

"ಅವಳೂ ಒಳಗೆ ಇರ್ತಾಳೇನ್ರಿ?"

"ಯಾರು?"

"ಆ ಹೆಸರು ನನ್ನ ಬಾಯಾಗೆ ಹೇಳಿಸ್ಬ್ಯಾಡ್ರಿ."

ಆ ಹೆಸರು ಸ್ಪಂದನ. ಕಳೆದ ಮುಂಗಾರಿನಲ್ಲಿ ಯಾರಿಗೋ ಹೋಗಬೇಕಾಗಿದ್ದ ಮೆಸೇಜು ತಪ್ಪಿ ಬಂದಂತೆ ಚಿಕ್ಕಬೀರಪ್ಪನ ಫೋನಿಗೆ ಬಂದಿತ್ತು. ದುಬೈಯಲ್ಲಿ ನರ್ಸ್ ಆಗಿದ್ದೇನೆ, ಊರ ಕಡೆಯವರ ಮಾತು ಕೇಳದೆ ಬೇಜಾರಾಗಿದೆ ಎಂದಿದ್ದಳು ಅವಳು. ಆಮೇಲೆ ಅವನು ತಾಳಗುಂದದ ಬಯಲಿನಲ್ಲಿ ಕುರಿ ಬಿಟ್ಟು, ಮರದ ಬುಡದಲ್ಲಿ ಕೂತು ಫೋನು ನೋಡಿಕೊಂಡು ನಗತೊಡಗಿದ. ಮೀಸೆಗೆ ಬಣ್ಣ ಹಚ್ಚಿದ. ಸ್ಪಂದನ ಹೇಳಿದ ಯಾವುದೋ ಹೂಡಿಕೆಗೆಂದು ಒಂದೊಂದಾಗಿ ಕುರಿ ಮಾರುತ್ತಾ ಬಂದು, ದೀಪಾವಳಿಯ ಹೊತ್ತಿಗೆ ಅರ್ಧ ಹಟ್ಟಿ ಖಾಲಿಯಾಗಿತ್ತು. ಮೋಸ ಎಂದು ಗೊತ್ತಾದ ದಿನ ಅವನೇ ಹೋಗಿ ದೂರು ಕೊಟ್ಟ. ಮೋಸ ಮಾಡಿದವರು ಸಿಕ್ಕಿದ್ದಾರೆ, ಬನ್ನಿ ಎಂದು ಈಗ ಠಾಣೆಯಿಂದ ಕರೆ ಬಂದಿತ್ತು.

ಅರ್ಧ ಹಟ್ಟಿ ಹೋಯಿತೆಂದು ನಾಗವೇಣಿ ಅಳಲಿಲ್ಲ. ಕುರಿಗಳು ಮತ್ತೆ ಮರಿ ಹಾಕುತ್ತವೆ. ಅವಳು ಅತ್ತದ್ದು ಅದಕ್ಕೂ ಮೊದಲು, ಚಾರ್ಜಿಗಿಟ್ಟ ಫೋನಿನಲ್ಲಿ ಗಂಡ ಬರೆದದ್ದನ್ನು ಓದಿದ ದಿನ. "ಊಟ ಆಯ್ತಾ?" ಎಂದು ಬರೆದಿದ್ದ. ಅಷ್ಟೇ. ಮದುವೆಯಾದ ಮೇಲೆ ಒಂದು ದಿನವೂ ಅವನು ಅವಳನ್ನು ಹಾಗೆ ಕೇಳಿರಲಿಲ್ಲ. ಆ ಹೆಂಗಸಿನ ಫೋಟೋ ದೊಡ್ಡದು ಮಾಡಿ, ಮೂಗು, ಹುಬ್ಬು, ಬಿಳಿ ಕೋಟಿನ ಗುಂಡಿ ಎಲ್ಲವನ್ನೂ ನೋಡಿದ್ದಳು. ಒಮ್ಮೆ ಎದುರಿಗೆ ಸಿಕ್ಕಿದರೆ ಸಾಕು ಎಂದು ಅಂದಿನಿಂದ ಕಾದಿದ್ದಳು.

ಒಳಗೆ ಸೈಬರ್ ಪೊಲೀಸಿನ ಸಬ್ ಇನ್ಸ್‌ಪೆಕ್ಟರ್ ಮಮತಾ ಶಿವಮೊಗ್ಗದಿಂದ ಬಂದು ಕೂತಿದ್ದರು. ಗೋಡೆ ಬದಿಯ ಬೆಂಚಿನಲ್ಲಿ ಕೆನ್ನೆ ಒಳಗೆ ಹೋಗಿದ್ದ ಒಬ್ಬ ಯುವಕ, ಅವನಿಗೆ ಅಂಟಿಕೊಂಡಂತೆ ಒಬ್ಬ ವಯಸ್ಸಾದ ಹೆಂಗಸು. ನಾಗವೇಣಿಯ ಕಣ್ಣು ಅವರನ್ನು ದಾಟಿ, ಬಾಗಿಲ ಆಚೆಗಿನ ಕೋಣೆಯನ್ನೂ ಹುಡುಕಿ ವಾಪಸು ಬಂತು.

"ಹುಡುಕ್ಬೇಡಿ," ಎಂದರು ಮಮತಾ. "ಸ್ಪಂದನ ಅಂತ ಯಾರೂ ಇಲ್ಲ. ಆ ಫೋಟೋ ಯಾವ ದೇಶದೋಳದೋ, ಹಿಂಗೆ ಬಳಸಿದ್ದು ಅವಳಿಗೇ ಗೊತ್ತಿಲ್ಲ. ನಿಮ್ಮ ಯಜಮಾನ್ರ ಜೊತೆ ಮಾತಾಡ್ತಿದ್ದೋನು ಇವನು. ಯತೀಶ ಅಂತ. ಇಲ್ಲೇ ಸೊರಬದ ಹತ್ರದೋನು."

ಯುವಕ ತಲೆ ಎತ್ತಲಿಲ್ಲ. ಮಮತಾ ವಿವರಿಸಿದರು. ಕಂಪ್ಯೂಟರ್ ಕೆಲಸವೆಂದು ನಂಬಿಸಿ ಅವನನ್ನು ಕಾಂಬೋಡಿಯಾಕ್ಕೆ ಕರೆದೊಯ್ದು, ಪಾಸ್‌ಪೋರ್ಟ್ ಕಿತ್ತುಕೊಂಡು ಒಂದು ಕಟ್ಟಡದಲ್ಲಿ ಕೂಡಿಹಾಕಿದ್ದರು. ಹತ್ತಾರು ದೇಶದವರು ಅಲ್ಲಿದ್ದರು. ಒಬ್ಬೊಬ್ಬರೂ ತಮ್ಮ ತಮ್ಮ ಭಾಷೆಯವರಿಗೆ ಬಲೆ ಬೀಸಬೇಕು. ನಮ್ಮ ರಾಯಭಾರ ಕಚೇರಿ ಕೇಳಿಕೊಂಡ ಮೇಲೆ ಅಲ್ಲಿನ ಪೊಲೀಸರು ನುಗ್ಗಿ ಇವರನ್ನೆಲ್ಲ ಬಿಡಿಸಿದ್ದರು. ಸಿಕ್ಕ ಕಂಪ್ಯೂಟರುಗಳಲ್ಲಿದ್ದದ್ದು ದೇಶ ದೇಶಕ್ಕೆ ಹಂಚಿಕೆಯಾಗಿ ದೆಹಲಿಗೆ, ಅಲ್ಲಿಂದ ಶಿವಮೊಗ್ಗಕ್ಕೆ ಬಂದಿತ್ತು.

"ಇವರನ್ನ ಆಡಿಸ್ತಿದ್ದೋರು ಇನ್ನೊಂದು ದೇಶಕ್ಕೆ ಓಡಿದಾರೆ. ಆ ಸರ್ಕಾರದ ಜೊತೆಗೂ ಮಾತುಕತೆ ನಡೀತಿದೆ. ಅಲ್ಲೀವರೆಗೆ ಇವನು ಹೇಳೋದು, ನೀವು ಹೇಳೋದು, ಎರಡೂ ತಾಳೆ ಆಗ್ಬೇಕು."

ನಾಗವೇಣಿ ಗಂಡನ ಕಡೆ ತಿರುಗಿದಳು. ಅವನು ಸಿಟ್ಟಾಗುತ್ತಾನೆ, ಹುಡುಗನ ಕೊರಳಪಟ್ಟಿ ಹಿಡಿಯುತ್ತಾನೆ, ಇಲ್ಲವೇ ನಾಚಿಕೆಯಿಂದ ಕುಗ್ಗುತ್ತಾನೆ ಎಂದುಕೊಂಡಿದ್ದಳು. ಆದರೆ ಚಿಕ್ಕಬೀರಪ್ಪನದು ಯಾರೋ ತೀರಿಕೊಂಡ ಸುದ್ದಿ ಕೇಳಿದವನ ಮುಖ. ಇಲ್ಲದ ಹೆಂಗಸಿಗಾಗಿ ಅವನು ಸಂಕಟಪಡುತ್ತಿದ್ದ. ಸ್ಪಂದನ ಇಲ್ಲವೆಂದು ತಿಳಿದ ಕ್ಷಣ ಇಳಿಯಬೇಕಿದ್ದ ಉರಿ ಅವಳಲ್ಲಿ ಇನ್ನೂ ಮೇಲಕ್ಕೇರಿತು.

ಅವನ ಹೇಳಿಕೆ ಬರೆದುಕೊಳ್ಳುವಾಗ ಉಳಿದವರನ್ನು ಜಗುಲಿಗೆ ಕಳಿಸಿದರು. ಯತೀಶನ ತಾಯಿ ವನಜಮ್ಮ ಕೈ ಮುಗಿದಳು. "ತಪ್ಪಾಯ್ತಮ್ಮ. ಹೊಟ್ಟೇಗೆ ಹಾಕ್ಕಳಿ. ಹೊಡ್ದು ಮಾಡ್ಸಿದಾರೆ ಇವ್ನತ್ರ." ಹಾಗೆನ್ನುತ್ತಲೇ ಡಬ್ಬಿ ತೆರೆದು ಮಗನ ಮುಂದೆ ಹಿಡಿದಳು. ಇನ್ನೊಂದು ಕೈಯಲ್ಲಿ ಅವನ ಅಂಗಿಯ ತುದಿ ಬಿಗಿಯಾಗಿತ್ತು.

ನಾಗವೇಣಿ ಅವನ ಎದುರಿಗೇ ಕೂತಳು.

"ದಿನಾ ಊಟ ಆಯ್ತಾ ಅಂತ ಕೇಳ್ತಿದ್ರೇನು?"

ಯತೀಶ ತುತ್ತು ನುಂಗಿದ. "ದಿನಾ ಕೇಳ್ತಿದ್ರು ಅಕ್ಕ. ಹೇಳಿದಷ್ಟು ಕೆಲ್ಸ ಆಗ್ದಿದ್ರೆ ಅಲ್ಲಿ ಊಟ ಕೊಡ್ತಿರ್ಲಿಲ್ಲ. ಆದ್ರೂ ಆಯ್ತು ಅಂತ್ಲೇ ಬರೀತಿದ್ದೆ. ಅಷ್ಟು ಜನದಲ್ಲಿ ಹಂಗೆ ಕೇಳ್ತಿದ್ದೋರು ಅಣ್ಣ ಒಬ್ರೇ."

"ಮತ್ತೇನು ಹೇಳ್ತಿದ್ರು?"

"ಬ್ಯಾಡ ಬಿಡಿ ಅಕ್ಕ."

"ಹೇಳಪ್ಪ. ನಾನು ಅವರ ಹೆಂಡ್ತಿ."

ಅವನು ಡಬ್ಬಿಯನ್ನು ಪಕ್ಕಕ್ಕೆ ಸರಿಸಿದ. "ದುಃಖ ಕೇಳಿ ಅಂತ ಅಲ್ಲಿನೋರು ನಮ್ಗೆ ಹೇಳ್ಕೊಡ್ತಿದ್ರು. ದುಃಖ ಹೇಳ್ಕಂಡೋರು ಬಿಟ್ಟು ಹೋಗಲ್ಲ ಅಂತ. ನಾನೂ ಕೇಳ್ದೆ. ಅಣ್ಣ ಪಾಪು ವಿಷ್ಯ ಹೇಳಿದ್ರು. ಆಸ್ಪತ್ರೇಲಿ ತೀರ್ಕಂಡಿದ್ದು. ನೀವು ಎಚ್ರ ಇಲ್ದೆ ಮಲಗಿದ್ರಂತೆ. ಟವೆಲಲ್ಲಿ ಸುತ್ಕಂಡು ಅವರೊಬ್ರೇ ಹೊಲಕ್ಕೆ ಹೋಗಿದ್ದು. ಮಣ್ಣು ಮುಚ್ಚೋವಾಗ ಹೆಸ್ರು ಹಿಡ್ದು ಕರೆದ್ರಂತಲ್ಲ..."

"ಯಾವ ಹೆಸರು?"

ಅವಳಿಗೆ ಅದು ಗೊತ್ತಿಲ್ಲವೆಂದು ಯತೀಶನಿಗೆ ಆಗ ಹೊಳೆಯಿತು.

ಅವಳಿಗೆ ತಿಳಿದಂತೆ ಆ ಕೂಸಿಗೆ ಹೆಸರಿಟ್ಟಿರಲಿಲ್ಲ. ನಾಗವೇಣಿ ಒಮ್ಮೆ ಆ ಮಾತು ತೆಗೆದಾಗ ಚಿಕ್ಕಬೀರಪ್ಪ ಎದ್ದು ಹಟ್ಟಿಗೆ ಹೋಗಿದ್ದ. ಇವನಿಗೆ ಕಲ್ಲೆದೆ ಎಂದುಕೊಂಡು ಅವಳೂ ಬಾಯಿ ಕಟ್ಟಿಕೊಂಡಿದ್ದಳು. ಅವಳು ಹೆತ್ತ ಮಗಳ ಹೆಸರು ಈಗ ಕಂಡರಿಯದ ಈ ಹುಡುಗನ ನಾಲಿಗೆಯ ಮೇಲಿತ್ತು.

"ನಂಗೆ ಗೊತ್ತು. ಹೇಳ್ಲಾ ಅಕ್ಕ?"

"ಬ್ಯಾಡ!"

ಗೇಟಿನಲ್ಲಿದ್ದ ಪೇದೆ ತಿರುಗಿ ನೋಡಿದ. ನಾಗವೇಣಿ ಎದ್ದು ಕಂಬ ಹಿಡಿದುಕೊಂಡಳು. ವನಜಮ್ಮನ ಕೈ ಇನ್ನೂ ಮಗನ ಅಂಗಿಯಲ್ಲೇ ಇತ್ತು. ಎರಡು ಸರ್ಕಾರಗಳು ಸೇರಿ ಸಮುದ್ರದಾಚೆಯಿಂದ ಆಕೆಯ ಮಗನನ್ನು ತಂದುಕೊಟ್ಟಿದ್ದವು. ಆ ಕೈಯನ್ನು ನೋಡಲಾಗದೆ ನಾಗವೇಣಿ ರಸ್ತೆಯ ಕಡೆ ಮುಖ ತಿರುಗಿಸಿದಳು.

"ಆ ಮಾತಿಟ್ಕಂಡೇ ದುಡ್ಡು ಕೇಳಿದ್ಯಾ?" ಎಂದಳು, ಅತ್ತಲೇ ನೋಡುತ್ತ.



"ಹೂಂ ಅಕ್ಕ. ಮಾರನೇ ದಿನಾನೇ."

ವನಜಮ್ಮ ಡಬ್ಬಿಯ ಮುಚ್ಚಳ ಹಾಕಿದಳು.

ಹೇಳಿಕೆ ಮುಗಿಸಿ ಚಿಕ್ಕಬೀರಪ್ಪ ಹೊರಬಂದಾಗ ಬಿಸಿಲು ಇಳಿದಿತ್ತು. ಯತೀಶ ಎದ್ದು ನಿಂತ. ಚಿಕ್ಕಬೀರಪ್ಪ ಅವನ ಮುಂದೆ ಒಂದು ಗಳಿಗೆ ನಿಂತು, ಬೈಕಿನ ಕಡೆ ನಡೆದ.

ಶಿರಾಳಕೊಪ್ಪ ದಾಟಿದರು. ಊರಿನ ತಿರುವಿಗೆ ಮುಂಚೆ ಯಾರದೋ ಮಂದೆ ರಸ್ತೆಗಡ್ಡ ಬಂತು. ಚಿಕ್ಕಬೀರಪ್ಪ ಕಾಲೂರಿ ಬೈಕು ನಿಲ್ಲಿಸಿದ. ಇಂಜಿನ್ ಗುಡುಗುಡು ಎನ್ನುತ್ತಿತ್ತು. ಧೂಳೆಬ್ಬಿಸುತ್ತ ಕುರಿಗಳು ಒಂದನ್ನೊಂದು ಒತ್ತಿಕೊಂಡು ದಾಟತೊಡಗಿದವು.

"ಮಗಳಿಗೆ ಏನಂತ ಹೆಸರಿಟ್ಟಿದ್ರಿ?" ನಾಗವೇಣಿ ಅವನ ಬೆನ್ನಿಗೆ ಹೇಳಿದಳು.

ಅವನ ಭುಜ ಸೆಟೆಯಿತು.

"ಆ ಹುಡುಗ ಹೇಳ್ತೀನಿ ಅಂದ. ನಾನು ಬ್ಯಾಡ ಅಂದೆ."

ಕೊನೆಯ ಕುರಿಯೂ ದಾಟಿತು. ಅವನು ಗೇರು ಹಾಕಲಿಲ್ಲ. ತಲೆ ತಗ್ಗಿಸಿ ಏನೋ ಹೇಳಿದ. ಇಂಜಿನ್ನಿನ ಸದ್ದಿನಲ್ಲಿ ಅವಳಿಗೆ ಕೇಳಿಸಲಿಲ್ಲ.

ನಾಗವೇಣಿ ಅವನ ಪಕ್ಕದಿಂದ ಕೈ ಚಾಚಿ ಬೈಕಿನ ಕೀ ತಿರುಗಿಸಿದಳು. ಸದ್ದು ನಿಂತಿತು. ಎರಡೂ ಬದಿಯಲ್ಲಿ ಒಣಗಿದ ಮೆಕ್ಕೆಜೋಳದ ಗರಿಗಳು ಗಾಳಿಗೆ ಒಂದಕ್ಕೊಂದು ಉಜ್ಜುತ್ತಿದ್ದವು.

"ಈಗ ಹೇಳ್ರಿ," ಎಂದಳು.